ಪೆಟ್ರೋಲ್ ಟಾಂಕಿಯ ಡೊಳ್ಳು

ಚೌಡಪ್ಪನ ಕಾರು ಮನೆಯ ಪಕ್ಕದ ಚಪ್ಪರದಡಿ ನಿಂತು ವರ್ಷದ ಮೇಲಾಗಿತ್ತು. ಶಿಕಾರಿಪುರದಿಂದ ಸೊರಬದ ಕಡೆಗೆ ಬಾಡಿಗೆ ಹೊಡೆಯುತ್ತಿದ್ದ ಕಾರು ಅದು. ಹಾವು ಕಚ್ಚಿದವರು, ಹೆರಿಗೆ ಕಷ್ಟವಾದವರು, ಹೊಸ ಮದುಮಕ್ಕಳು, ಚಂದ್ರಗುತ್ತಿಗೆ ಹರಕೆ ಹೊತ್ತ ಸಾಹುಕಾರರು ಎಲ್ಲರೂ ಅದರಲ್ಲಿ ಓಡಾಡಿದ್ದರು. ಒಂದು ದಿನ ಉಳವಿ ದಾಟುತ್ತಲೇ ಗೇರಿನ ಪೆಟ್ಟಿಗೆಯೊಳಗೆ ಕಟಕಟ ಸದ್ದಾಯಿತು. ಬಿಚ್ಚಿ ನೋಡಿದರೆ ಒಂದು ಹಲ್ಲುಚಕ್ರ ಚೂರಾಗಿತ್ತು. ಕಾರು ಹಳೆಯ ವಿಲಾಯಿತಿಯದು. ಹೊರದೇಶದ ಸಾಮಾನು ತರಿಸುವುದನ್ನು ಸರ್ಕಾರ ಬಿಗಿ ಮಾಡಿದೆ, ಇನ್ನು ಅಂಥ ಚಕ್ರ ಕನಸಿನ ಮಾತು ಎಂದು ಶಿವಮೊಗ್ಗದ ಅಂಗಡಿಯವರು ಕೈಚೆಲ್ಲಿಬಿಟ್ಟರು.

ಚೌಡಪ್ಪ ಮಾತ್ರ ಆಸೆ ಬಿಡಲಿಲ್ಲ. ಬೆಲ್ಲದ ಲಾರಿಯೊಂದಕ್ಕೆ ಡ್ರೈವರಾಗಿ ಸೇರಿಕೊಂಡ. ದಾವಣಗೆರೆ, ಹರಿಹರ, ಹುಬ್ಬಳ್ಳಿ, ಲಾರಿ ನಿಂತ ಊರಲ್ಲೆಲ್ಲ ಗುಜರಿ ಅಂಗಡಿಗಳಿಗೆ ನುಗ್ಗಿ ಅದೊಂದೇ ಚಕ್ರವನ್ನು ಹುಡುಕುತ್ತಿದ್ದ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಮನೆಗೆ ಬರುವನು. ಬಂದವನು ಕಾಲು ತೊಳೆಯುವ ಮೊದಲು ಕಾರಿನ ಮೇಲಿನ ಗೋಣಿತಾಟು ಸರಿಸಿ, ಮುಂದಿನ ಗಾಜು ಒರೆಸಿ, ಸ್ಟೇರಿಂಗ್ ಹಿಡಿದು ಒಂದು ಗಳಿಗೆ ಕೂತು, ಆಮೇಲೆ ಒಳಗೆ ಬರುವನು.

ಆ ಆಷಾಢದಲ್ಲಿ ಹಾಗೆ ಬಂದು ಊಟಕ್ಕೆ ಕೂತ. ಪಕ್ಕದಲ್ಲಿ ಮಗ ಹುಚ್ಚರಾಯಪ್ಪ. ಗೋಡೆಗೆ ಒರಗಿ ಚೌಡಪ್ಪನ ತಾಯಿ ತಿಮ್ಮಮ್ಮ. ಹೆಂಡತಿ ದುರ್ಗಮ್ಮ ಮುದ್ದೆ ಇಟ್ಟು ಹುರುಳಿಕಟ್ಟಿನ ಸಾರು ಬಿಟ್ಟಳು.

"ಸಾರು ನೀರಾಗೈತಲ್ಲೇ."

"ಹುರುಳಿನೇ ಇಲ್ಲ. ಕಾಳಿಲ್ದ ಮೇಲೆ ಕಟ್ಟು ಎಲ್ಲಿಂದ ಬರ್ತೈತಿ?" ಎಂದಳು ದುರ್ಗಮ್ಮ.

"ಬಸುರಿ ಹೆಣ್ಣು ಈ ನೀರು ಕುಡಿದು ಕೂಸಿಗೆ ಏನು ಕೊಟ್ಟಾಳು?" ತಿಮ್ಮಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದ ಮೊಮ್ಮಗನ ಹೆಂಡತಿ ಹುಲಿಯಮ್ಮನ ಕಡೆ ಕೈ ತೋರಿಸಿದಳು. "ನೀನು ದುಡಿದಿದ್ದೆಲ್ಲ ಊರೂರು ಗುಜರಿ ಸುತ್ತಾಕೆ ಹೋಗ್ತೈತಿ."

ಹುಚ್ಚರಾಯಪ್ಪ ತಟ್ಟೆ ನೋಡುತ್ತ ಹೇಳಿದ: "ಅಪ್ಪ, ಕಾರು ಕೊಟ್ಟುಬಿಡಾನ. ತಗಡಿನ ಲೆಕ್ಕಕ್ಕಾದ್ರೂ ಹೋಗ್ತೈತಿ."

ಚೌಡಪ್ಪನ ಕೈ ನಿಂತಿತು. "ಊರಾಗೆ ನನ್ನ ಏನಂತ ಕರೀತಾರೋ?"

"ಕಾರ್ ಚೌಡಪ್ಪ ಅಂತಾರೆ."

"ಕಾರು ಮಾರಿದ ಮೇಲೆ?"

ಉತ್ತರ ಕೊಟ್ಟವಳು ದುರ್ಗಮ್ಮ. "ಬರೀ ಚೌಡಪ್ಪ ಅಂತಾರೆ. ಅತ್ತೆ ಮಾವ ಇಟ್ಟ ಹೆಸರು. ಅದಕ್ಕೇನಾಗೈತಿ?"

ಚೌಡಪ್ಪ ಅರ್ಧ ಮುದ್ದೆ ಬಿಟ್ಟು ಎದ್ದ. ಬೆಳಿಗ್ಗೆ ಹೊರಡುವಾಗ ಮಗನಿಗೆ ಹೇಳಿ ಹೋದದ್ದು ಒಂದೇ ಮಾತು: "ಮಳೆ ನೀರು ಕಾರಿಗೆ ಸಿಡೀದಂಗೆ ನೋಡ್ಕ."

ಹುಚ್ಚರಾಯಪ್ಪ ಬಸ್ ನಿಲ್ದಾಣದ ಹತ್ತಿರ ಮೋಟಾರು ರಿಪೇರಿಯ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಚಿಕ್ಕಂದಿನಿಂದ ಡೊಳ್ಳು ಹೊತ್ತವನು. ಶೆಡ್ಡಿನ ಹಿಂದೆ ಎಸೆದ ಕಬ್ಬಿಣದ ರಾಶಿಯಲ್ಲಿ ಅವನಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತಿತ್ತು. ಒಡೆದ ಬಸ್ಸಿನ ದೀಪದ ಬಟ್ಟಲಿಗೆ ಮೇಕೆಯ ಚರ್ಮ ಬಿಗಿದು, ಬೆಂದ ಅನ್ನಕ್ಕೆ ಕಬ್ಬಿಣದ ಕಿಟ್ಟದ ಪುಡಿ ಅರೆದು ಕರಣೆಯ ಕಪ್ಪು ಬೊಟ್ಟು ಹಾಕಿ, ಭಜನೆಯವರಿಗೆಂದು ಒಂದು ಎಡಗೈ ತಬಲ ಮಾಡಿಟ್ಟಿದ್ದ. ಸವೆದ ಬ್ರೇಕ್ ಡ್ರಮ್ಮನ್ನು ಹಗ್ಗಕ್ಕೆ ತೂಗಿ ಬಡಿದರೆ ಜಾಗಟೆಗಿಂತ ದೂರಕ್ಕೆ ಕೇಳುತ್ತಿತ್ತು.

ಆನವಟ್ಟಿಯ ಡೊಳ್ಳಿನ ಮೇಳದ ಕೆಂಪಪ್ಪ ಬಸ್ಸಿಗೆ ಕಾಯುತ್ತ ಶೆಡ್ಡಿನಲ್ಲಿ ಕೂತಿದ್ದಾಗ ಆ ತಬಲವನ್ನು ತಟ್ಟಿ ನೋಡಿದ. ಹೊರಗೆ ಸೋನೆ ಸುರಿಯುತ್ತಿತ್ತು. ಅಂಥ ತೇವದಲ್ಲೂ ಚರ್ಮ ಸಡಿಲಾಗಿರಲಿಲ್ಲ.

"ಇದು ಹೆಂಗೋ ಮಾರಾಯ?"

"ಹಗ್ಗ ಇಲ್ಲಣ್ಣ, ಬೋಲ್ಟು. ಸುತ್ತ ಬಳೆ ಕೂರಿಸಿ ಬೋಲ್ಟು ಹಾಕೀನಿ. ಸಡ್ಲಾತು ಅಂದ್ರೆ ಪಾನೆ ಹಿಡಿದು ಒಂದು ತಿರುವು ತಿರುವಿದ್ರೆ ಆತು."

"ಮಳೆಗಾಲದಾಗೆ ನಮ್ಮ ಡೊಳ್ಳು ಸತ್ತ ಕೋಣ ಇದ್ದಂಗೆ ಇರ್ತದೆ. ಬೆಂಕಿಗೆ ಹಿಡಿದೂ ಹಿಡಿದೂ ಚರ್ಮ ಸುಟ್ಟೇ ಹೋತು. ಇಂಥಾದೇ ಒಂದು ಡೊಳ್ಳು ಮಾಡಿಕೊಡು. ಅಕ್ಕಿ ಕೊಡ್ತೀನಿ, ಮೂಟೆ. ಅರ್ಧ ಮೊದ್ಲೇ ತಗೋ."

ಹುಚ್ಚರಾಯಪ್ಪ ಒಪ್ಪಿಕೊಂಡು ಬಂದ. ಒಪ್ಪಿದ ಮೇಲೆ ಯೋಚನೆ ಹತ್ತಿತು. ಡೊಳ್ಳಿಗೆ ಬೇಕಾದಷ್ಟು ದೊಡ್ಡ ಗುಂಡನೆಯ ತಗಡು ಶೆಡ್ಡಿನ ರಾಶಿಯಲ್ಲಿರಲಿಲ್ಲ. ಇದ್ದರೂ ಶೆಡ್ಡಿನ ಯಜಮಾನ ಈಚೆಗೆ ಒಂದು ಮೊಳೆಯನ್ನೂ ಹೊರಗೆ ಬಿಡುತ್ತಿರಲಿಲ್ಲ.

ಮನೆಯಲ್ಲಿ ಹೇಳಿದಾಗ ದುರ್ಗಮ್ಮ ಹಿತ್ತಲಲ್ಲಿ ಬೂದಿ ಹಚ್ಚಿ ಪಾತ್ರೆ ಉಜ್ಜುತ್ತಿದ್ದಳು. ಕೈ ನಿಲ್ಲಿಸದೆ ಗಲ್ಲದಲ್ಲೇ ಚಪ್ಪರದ ಕಡೆ ತೋರಿಸಿದಳು.

"ಅದರ ಹೊಟ್ಟೆ ಅಡಿಗೆ ಒಂದು ಪೀಪಾಯಿ ಐತಲ್ಲ."

ಹುಚ್ಚರಾಯಪ್ಪನಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಎರಡು ಹೆಜ್ಜೆ ಹಿಂದೆ ಸರಿದ. "ಪೆಟ್ರೋಲ್ ಟಾಂಕಿನಾ? ಅವ್ವ, ಅಪ್ಪ ನನ್ನ ಜೀವ ಸಹಿತ ಬಿಡಲ್ಲ."

"ಓಡದ ಕಾರಿಗೆ ಟಾಂಕಿ ಯಾಕೆ? ನಿಮ್ಮಪ್ಪ ಮುಂದಿನ ಬಾನೆಟ್ ಎತ್ತಿ ನೋಡ್ತಾನೆ, ಹಿಂದೆ ಯಾವತ್ತು ಬಗ್ಗಿ ನೋಡ್ಯಾನೆ?" ಆಕೆ ತಪ್ಪಲೆ ತೊಳೆದು ಬೋರಲು ಹಾಕಿದಳು. "ಆ ಹುಡುಗಿ ಮುಖ ನೋಡು. ಅಕ್ಕಿ ತಗಂಬಾ."

ಮಾರನೆಯ ಭಾನುವಾರ ಟಾಂಕಿ ಇಳಿಯಿತು. ಹಿಂದಿನ ಚಕ್ರಗಳ ನಡುವೆ ಅಡ್ಡಕ್ಕೆ ಕೂತಿದ್ದ ಉದ್ದನೆಯ ಗುಂಡು ಟಾಂಕಿ. ಪೆಟ್ರೋಲ್ ಸುರಿಯುವ ಬಾಯಿ, ಅದರ ಮುಚ್ಚಳ, ಒಂದು ಗೇಣು ಕೊಳವೆ ಮಾತ್ರ ಕಾರಿನ ಮೈಯಲ್ಲೇ ಉಳಿದವು. ಒಳಗೆ ವಾಸನೆ ಇನ್ನೂ ಇತ್ತು. ಬೆಂಕಿ ಹತ್ತೀತೆಂದು ಹುಚ್ಚರಾಯಪ್ಪ ನೀರು ತುಂಬಿಸಿ ಕೆಲವು ದಿನ ಹಾಗೇ ಬಿಟ್ಟ. ಆಮೇಲೆ ಎರಡೂ ತುದಿಯನ್ನು ಉಳಿಯಿಂದ ಕತ್ತರಿಸಿದ. ಬಡಿತ ಓಣಿಗೆಲ್ಲ ಕೇಳುತ್ತದೆಂದು ತಿಮ್ಮಮ್ಮ ಒರಳಿನ ಮುಂದೆ ಕೂತು, ಇಲ್ಲದ ಅವಲಕ್ಕಿ ಕುಟ್ಟುವವಳಂತೆ ಬರಿ ಒನಕೆ ಹಾಕುತ್ತಿದ್ದಳು. ಒನಕೆ ಬಿದ್ದಾಗ ಉಳಿ ಬೀಳಬೇಕು.

"ಅಜ್ಜಿ, ಸ್ವಲ್ಪ ಬೇಗ ಹಾಕು."

"ನನ್ನ ರಟ್ಟೆ ಏನು ಮಿಲ್ಲಿನ ಎಂಜಿನ್ನೇನೋ?"

ಹುಲಿಯಮ್ಮ ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದಳು. ಬಳೆಗೆ ಹಳೆಯ ಬಸ್ಸಿನ ಬಂಪರಿನ ಪಟ್ಟಿ ಬಗ್ಗಿಸಿದರು. ಚರ್ಮಗಳು ಹಿತ್ತಲ ಹಂಡೆಯೊಂದರಲ್ಲಿ ಸುಣ್ಣದ ನೀರಿನಲ್ಲಿ ನೆನೆಯುತ್ತಿದ್ದವು. ಅವುಗಳ ಕೂದಲು ಬಿಡಿಸುವ ಹೊತ್ತಿಗೆ ಸರಿಯಾಗಿ ಚೌಡಪ್ಪ ಬಂದ.

ಗೇಟು ದಾಟುತ್ತಲೇ ಮೂಗು ಮುಚ್ಚಿದ. "ಏನೇ ಇದು ನಾತ?"

"ಇಲಿ ಸತ್ತೈತಿ," ಎಂದಳು ತಿಮ್ಮಮ್ಮ.

"ಎಲ್ಲಿ?"

"ಎಲ್ಲೋ ಸತ್ತೈತಿ. ಹೇಳಿ ಸಾಯ್ತೈತೇನು?"

"ಕಾರಿನ ಅಡಿಗೇ ಸತ್ತಿರ್ತೈತಿ. ವೈರು ಕಡಿದ್ರೆ ಕೆಲಸ ಕೆಟ್ಟೋತು." ಚೌಡಪ್ಪ ಪಂಚೆ ಮೇಲೆ ಕಟ್ಟಿ, ಕಾರಿನ ಹಿಂಬದಿಗೆ ಹೋಗಿ ಮೊಣಕಾಲೂರಿದ. ಅಷ್ಟರಲ್ಲಿ ಮನೆಯ ಬಾಗಿಲಲ್ಲಿ ಹುಲಿಯಮ್ಮ "ಅಯ್ಯಮ್ಮಾ!" ಎಂದು ಹೊಟ್ಟೆ ಹಿಡಿದು ಕುಸಿದು ಕೂತಳು.

ಚೌಡಪ್ಪ ಎದ್ದು ಓಡಿ ಬಂದ. ನೀರು ತಂದ, ಗಾಳಿ ಹಾಕಿದ, ಆಸ್ಪತ್ರೆಗೆ ಹೋಗೋಣವೇ ಎಂದು ಮತ್ತೆ ಮತ್ತೆ ಕೇಳಿದ. "ನನ್ನ ಕಾರು ನೆಟ್ಟಗಿದ್ದಿದ್ರೆ ಒಂದು ಗಳಿಗೆ ಕೆಲಸ," ಎಂದು ತಲೆ ಚಚ್ಚಿಕೊಂಡ. ಹುಲಿಯಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ಅವನು ಲಾರಿಗೆ ಹೊರಟುಹೋದ ಮೇಲೆ ಅವಳು ನಿಜವಾಗಿಯೂ ಅತ್ತಳು.

"ಮಾವ ಎಷ್ಟು ಹೆದರಿಕೊಂಡ್ರು ಅತ್ತೆ. ನಂಗೆ ಎಂತ ಪಾಪ ಸುತ್ತಿಕೊಳ್ತದೋ."

"ಹೊಟ್ಟೆ ತುಂಬ ಉಣ್ಣು. ಪಾಪ ನನ್ನ ಲೆಕ್ಕಕ್ಕಿರ್ಲಿ," ಎಂದಳು ದುರ್ಗಮ್ಮ.

ಡೊಳ್ಳು ಆನವಟ್ಟಿಗೆ ಹೋಯಿತು, ಉಳಿದ ಅಕ್ಕಿ ಬಂತು. ಕೆಂಪಪ್ಪನ ಮೇಳದ ಹಿರಿಯರು, ದೇವರ ಮುಂದೆ ಮರದ್ದೇ ಇರಲಿ, ಊರ ಮೆರವಣಿಗೆಗೆ ಕಬ್ಬಿಣದ್ದಾಗಲಿ ಎಂದು ತೀರ್ಮಾನ ಮಾಡಿದರಂತೆ. ಆಮೇಲೆ ಅವರಿವರು ಕೇಳಿಕೊಂಡು ಬಂದರು. ಕಾರಿನ ಹಿಂದಿದ್ದ ಹೆಚ್ಚುವರಿ ಚಕ್ರದ ರಿಮ್ಮು ಬಡಿಯುವ ಹಲಗೆಯಾಯಿತು. ಹಿಂದಿನ ಚಕ್ರಗಳ ಮುಚ್ಚಳಗಳು ತಾಳವಾದವು. ಹಿಂದಿನ ಸೀಟಿನ ಸ್ಪ್ರಿಂಗು ಬಿಚ್ಚಿ ಕೋಲಿಗೆ ಸುತ್ತಿ ಗಿಲಗಿಲ ಎನ್ನುವ ಒಂದು ಗಿಲಕಿ ಮಾಡಿದ ಹುಚ್ಚರಾಯಪ್ಪ. ಪ್ರತಿ ಸಲವೂ ಅವನು "ಇದೇ ಕೊನೇದು ಅವ್ವ" ಎನ್ನುವನು. ಪ್ರತಿ ಸಲವೂ ಗೋಣಿತಾಟು ಮೊದಲಿದ್ದಂತೆಯೇ ಹೊದಿಸುವನು.

ಈ ನಡುವೆ ಒಮ್ಮೆ ಚೌಡಪ್ಪ ಬಂದಾಗ ತಟ್ಟೆಯಲ್ಲಿ ಬಿಳಿ ಅನ್ನವಿತ್ತು, ಒಣಮೀನಿನ ಸಾರಿತ್ತು.

"ಅಕ್ಕಿ ಎಲ್ಲಿಂದ ಬಂತು?"

"ಹುಡುಗಿ ತೌರಿಂದ," ಎಂದಳು ದುರ್ಗಮ್ಮ.

"ಉಳವಿ ಬೀಗರು ಒಳ್ಳೇರು. ಈ ಸಲ ಆ ಕಡೆ ಹೋದ್ರೆ ಒಂದು ಮಾತು ಹೇಳಿ ಬರಬೇಕು."

ಹುಲಿಯಮ್ಮ ಸೌಟು ಕೆಳಗಿಟ್ಟು ಹಿತ್ತಲಿಗೆ ನಡೆದಳು.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಬರುವ ದಿನವಲ್ಲದ ದಿನ, ಚೌಡಪ್ಪ ಹೆಗಲ ಮೇಲೆ ಟವೆಲಿನ ಗಂಟು ಹೊತ್ತು ಬಂದ. ಅಂಗಳದಲ್ಲೇ ಕೂತು ಗಂಟು ಬಿಚ್ಚಿದ. ಗ್ರೀಸ್ ಮೆತ್ತಿದ ಹಲ್ಲುಚಕ್ರ.

"ಹುಬ್ಬಳ್ಳಿಯಾಗೆ ಸಿಕ್ತು. ಒಂದು ಹಲ್ಲೂ ಸವೆದಿಲ್ಲ ನೋಡೇ." ಚಕ್ರವನ್ನು ಎತ್ತಿ ಬೆಳಕಿಗೆ ಹಿಡಿದ. "ಹುಚ್ರಾಯ, ಪಾನೆ ತಗಂಬಾ. ಶೆಡ್ಡಿಗೆ ರಜಾ ಹಾಕು."

"ಲಾರಿ?" ಎಂದು ದುರ್ಗಮ್ಮ ಕೇಳಿದಳು.

"ಬಿಟ್ಟುಬಿಟ್ಟೆ. ಸ್ವಂತ ಕಾರಿರೋನು ಇನ್ನೊಬ್ಬನ ಲಾರಿ ಯಾಕೆ ಹೊಡೀಲಿ?"

ದುರ್ಗಮ್ಮ ನೀರು ತರುವ ನೆಪದಲ್ಲಿ ಮಗನನ್ನು ಹಿತ್ತಲಿಗೆ ಕರೆದಳು. "ಈಗ್ಲೇ ಹೇಳಿಬಿಡು. ಸಂತೋಷದಾಗಿದ್ದಾನೆ, ಬೈದು ಸುಮ್ಮನಾಗ್ತಾನೆ."

"ನೀನೇ ಹೇಳವ್ವ."

"ನಾನು ಹೇಳಿದ್ರೆ ಜಗಳ ಬೇರೆ ದಾರಿ ಹಿಡೀತೈತಿ."

ಯಾರೂ ಹೇಳಲಿಲ್ಲ. ಚೌಡಪ್ಪನಿಗೆ ಬೆನ್ನುನೋವು, ಕಾರಿನ ಕೆಳಗೆ ಮಲಗಲಾಗದು. ಮೇಲಿನಿಂದ ಅವನು ಹೇಳಿದಂತೆ ಕೆಳಗಿನಿಂದ ಮಗ ಮಾಡಿದ. ಅಂಗಾತ ಮಲಗಿದ ಹುಚ್ಚರಾಯಪ್ಪನ ಕಣ್ಣಿಗೆ ಟಾಂಕಿಯಿದ್ದ ಜಾಗದಿಂದ ಚಪ್ಪರದ ಆಚೆಯ ಬೆಳಕು ಕಾಣುತ್ತಿತ್ತು. ಅಪ್ಪ ಮೇಲಿನಿಂದ "ಹಂಗೇ, ಇನ್ನೊಂಚೂರು, ಭಲೇ ಮಗನೇ" ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಅವನು ಮಗನನ್ನು ಅಷ್ಟು ಹೊಗಳಿದ್ದು ಅದೇ ಮೊದಲು. ಹುಚ್ಚರಾಯಪ್ಪ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದ.

ಚಕ್ರ ಕೂತಿತು. ಮರುದಿನ ಬೆಳಿಗ್ಗೆ ಚೌಡಪ್ಪ ಮಗನ ಕೈಯಲ್ಲಿ ಕಾರು ತೊಳೆಸಿ, ಸಡಗರದಲ್ಲಿ ಹಿಂದಿನ ಕಡೆ ಕಣ್ಣೇ ಹಾಯಿಸದೆ, ಬಾನೆಟ್ಟಿಗೆ ವಿಭೂತಿ ಕುಂಕುಮ ಹಚ್ಚಿ, ಮುಂದಿನ ಗಾಲಿಗೆ ನಿಂಬೆಹಣ್ಣಿಟ್ಟು, ಓಣಿಯವರನ್ನೆಲ್ಲ ಕೂಗಿದ. ಕಾಯಿ ಒಡೆದ. ಡಬ್ಬಿಯಲ್ಲಿ ಪೆಟ್ರೋಲ್ ತಂದಿದ್ದ. ಮುಚ್ಚಳ ತೆಗೆದು ಲಾಳಿಕೆ ಇಟ್ಟು ಸುರಿಯತೊಡಗಿದ.

"ಅಪ್ಪ," ಎಂದ ಹುಚ್ಚರಾಯಪ್ಪ.

"ತಡಿಯೋ."

"ಅಪ್ಪ, ಸುರೀಬ್ಯಾಡ."

ಕಾರಿನಡಿಯಿಂದ ಪೆಟ್ರೋಲ್ ಹರಿದು ಬಂದು ರಂಗೋಲಿಯನ್ನು ಅಳಿಸಿಕೊಂಡು ಜನರ ಕಾಲಿನ ಕಡೆ ನಡೆಯಿತು. ಯಾರೋ ಬೀಡಿ ಹಚ್ಚಿ ನಿಂತಿದ್ದರು. "ಆರ್ಸೋ ಬೀಡಿ!" ಎಂದು ಚೀರಿದ ಚೌಡಪ್ಪ, "ತೂತು ಬಿದ್ದೈತಿ ಕಾಣ್ತೈತಿ," ಎನ್ನುತ್ತ ಕಷ್ಟಪಟ್ಟು ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಹಾಗೇ ಇದ್ದ. ಬೆನ್ನು ಹಿಡಿದುಕೊಂಡಿತೇನೋ ಎಂದು ಪಕ್ಕದ ಮನೆಯವನೊಬ್ಬ ಕೈ ಕೊಡಲು ಹೋದ.

"ಮನೆಗೆ ಹೋಗ್ರಿ ಎಲ್ರೂ," ಎಂದ ಚೌಡಪ್ಪ ಏಳದೆಯೇ.

ಜನ ಚದುರಿದ ಮೇಲೆ ಎದ್ದು ಒಳಗೆ ಬಂದ. ಹಿಂದಿನ ಸೀಟು, ರಿಮ್ಮು, ಮುಚ್ಚಳಗಳು, ಒಂದೊಂದನ್ನೂ ನೋಡಿಯೇ ಬಂದಿದ್ದ. ಮಗನ ಅಂಗಿಯ ಕತ್ತು ಹಿಡಿದ.

"ಯಾರಿಗೆ ಮಾರಿದೆ?"

"ಆನವಟ್ಟಿ ಕೆಂಪಪ್ಪಂಗೆ. ಡೊಳ್ಳು ಮಾಡಿ."

"ಡೊಳ್ಳು!" ಚೌಡಪ್ಪ ಕೈಯೆತ್ತಿದ. "ನಾನು ಊರೂರು ನಾಯಿ ಹಂಗೆ ತಿರುಗ್ತಿದ್ರೆ ನೀನಿಲ್ಲಿ ನನ್ನ ಕಾರು ಹರಿದು ಡೊಳ್ಳು ಬಡೀತಿದ್ದೇನಲೇ?"

ದುರ್ಗಮ್ಮ ನಡುವೆ ಬಂದು ನಿಂತಳು. "ಹೊಡೀಬೇಕಂದ್ರೆ ನನಗೆ ಹೊಡೀರಿ. ಟಾಂಕಿ ತೆಗಿ ಅಂದೋಳು ನಾನು."

"ನೀನಾ?"

"ನಾನೇ. ನೀವುಂಡ ಆ ಬಿಳಿ ಅನ್ನ ಅದರದ್ದೇ. ಬೀಗರು ಕೊಟ್ಟಿದ್ದಲ್ಲ."

ಚೌಡಪ್ಪ ಮಗನನ್ನು ಬಿಟ್ಟ. "ಯಾರಪ್ಪನ ಕಾರು ಅಂತ ತೆಗೆಸಿದೆ?"

"ನಮ್ಮಪ್ಪನದು," ಎಂದಳು ದುರ್ಗಮ್ಮ. ದನಿ ಏರಲಿಲ್ಲ. "ನನ್ನ ಮದುವೆಯಾಗೆ ಅರಿಸಿನ ಕುಂಕುಮಕ್ಕೆ ಅಂತ ನಮ್ಮಪ್ಪ ಗದ್ದೆ ಕೊಟ್ಟಿದ್ದ. ಅದನ್ನ ಮಾರಿ, ಮೇಲೆ ನಿಮ್ಮದು ಹಾಕಿ ಕಾರು ತಂದ್ರಿ. ಮಾರುವಾಗ ನನ್ನ ಒಂದು ಮಾತು ಕೇಳಿದ್ರಾ? ಹೆಬ್ಬೆಟ್ಟು ಒತ್ತು ಅಂದ್ರಿ, ಒತ್ತಿದೆ. ಅರ್ಧ ಕಾರು ನಂದು. ನನ್ನ ಅರ್ಧದಾಗೆ ತೆಗೆಸೀನಿ."

"ಟಾಂಕಿ ಯಾರ ಅರ್ಧದಾಗೈತಿ?"

"ಹಿಂದಿನ ಅರ್ಧ ನಂದು ಅಂತ ತಿಳ್ಕೊಳ್ರಿ."

ಚೌಡಪ್ಪ ಗೋಡೆಯ ಗೂಟದಿಂದ ಅಂಗಿ ತೆಗೆದ. "ನಡಿಯೋ ಆನವಟ್ಟಿಗೆ. ಟಾಂಕಿ ತರದೆ ನೀರು ಮುಟ್ಟಲ್ಲ ನಾನು."

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಅಪ್ಪ ಮಗ ಎರಡು ಕಂಬಿ ಹಿಡಿದು ನಿಂತು ಹೋದರು. ಆನವಟ್ಟಿಯಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಕೆಂಪಪ್ಪನ ಮನೆಯ ಕೊಟ್ಟಿಗೆಯ ಮಾಡಿನಡಿ ಮೇಳದವರು ಸೇರಿದ್ದರು. ಮರದ ಡೊಳ್ಳುಗಳು ತೇವಕ್ಕೆ ಬದ್ ಬದ್ ಎನ್ನುತ್ತಿದ್ದವು. ಅವುಗಳ ನಡುವೆ ಒಂದು ಮಾತ್ರ ಕಣಿವೆಯಲ್ಲಿ ಕಲ್ಲು ಉರುಳಿದಂತೆ ಗುಡುಗುತ್ತಿತ್ತು.

ಕೆಂಪಪ್ಪ ಡೊಳ್ಳು ಇಳಿಸಿ ಎದ್ದು ಬಂದ. "ಬರ್ರಿ ಚೌಡಪ್ಪಣ್ಣ! ನಮ್ಮನೆಗೆ ನೀವು ಬರೋದಂದ್ರೆ! ಲೇ, ಕಂಬಳಿ ಹಾಸ್ರೋ." ಮೇಳದವರ ಕಡೆ ತಿರುಗಿದ. "ಯಾರು ಗೊತ್ತೇನು? ನನ್ನ ಹೆಂಡ್ತಿ ಹೆರಿಗೆಯಾಗೆ ಕೈ ಬಿಟ್ಟೋಗಿದ್ದಾಗ ಕಾರಿನಾಗೆ ಹಾಕ್ಕೊಂಡು ಸೊರಬಕ್ಕೆ ಹಾರಿಸಿಕೊಂಡು ಹೋದೋರು. ಆಕೆ ಬದುಕಿದ್ದೇ ಅದರಾಗೆ. ಈಗ ಅದೇ ಕಾರಿನ ಟಾಂಕಿ ನಮಗೆ ಕೊಟ್ಟಾರೆ. ಯಾರು ಕೊಡ್ತಾರೆ ಹೇಳು?"

ಚೌಡಪ್ಪ ಬಾಯಿ ತೆರೆದ. ಹುಚ್ಚರಾಯಪ್ಪ ಕ್ಷಣಕ್ಷಣಕ್ಕೂ ಸಾಯುತ್ತ ನಿಂತಿದ್ದ.

"ಅಲ್ಲ ಅಣ್ಣ, ಮಗ ಕೇಳಿದ ಅಂತ ಒಂದೇ ಮಾತಿಗೆ ಬಿಚ್ಚಿ ಕೊಟ್ರಾ?" ಎಂದ ಕೆಂಪಪ್ಪ.

ಎಲ್ಲರೂ ಚೌಡಪ್ಪನ ಮುಖವನ್ನೇ ನೋಡುತ್ತಿದ್ದರು. "ಹೂಂ," ಎಂದ ಚೌಡಪ್ಪ. "ನಾನೇ ಕೊಡು ಅಂದೆ."

ಕೆಂಪಪ್ಪನ ಹೆಂಡತಿ ಬೆಲ್ಲ ನೀರು ತಂದಿಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೋದಳು. ಚೌಡಪ್ಪ ನೀರು ಕುಡಿದ. ಡೊಳ್ಳನ್ನು ಹತ್ತಿರ ಎಳೆದುಕೊಂಡು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ಚರ್ಮಕ್ಕೆ ಮಾತ್ರ ಕೈ ಸೋಕಿಸಲಿಲ್ಲ. ಹೊರಡುವಾಗ ಒಂದು ಮಾತು ಹೇಳಿದ: "ಈ ಬೋಲ್ಟು ಸ್ವಲ್ಪ ಎಣ್ಣೆ ಕೇಳ್ತೈತಿ. ತುಕ್ಕು ಹಿಡೀತೈತಿ ನೋಡ್ರಿ."

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಗ ಪಕ್ಕದಲ್ಲಿ ಕೂರಲು ಬಂದರೆ ಚೌಡಪ್ಪ ಹೇಳಿದ: "ನಾಕು ಜನದ ಮುಂದೆ ನನ್ನ ಬಾಯಾಗೆ ಸುಳ್ಳು ಹೇಳಿಸಿದೆ. ಇನ್ನು ನನ್ನ ಹತ್ರ ಮಾತಾಡಬ್ಯಾಡ."

ಮಾತು ನಿಂತಿತು. ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಣ್ಣತೊಡಗಿದರು. ಹುಚ್ಚರಾಯಪ್ಪ ಶೆಡ್ಡಿನ ಯಜಮಾನನನ್ನು ಕಾಡಿಬೇಡಿ ಒಂದು ಗಟ್ಟಿಯಾದ ಖಾಲಿ ಎಣ್ಣೆ ಡಬ್ಬಿ ತಂದ. ಬಾಯಿ ಬೆಸೆದು, ಕೊಳವೆ ಕೂರಿಸಿ, ಟಾಂಕಿಯ ಜಾಗಕ್ಕೆ ಪಟ್ಟಿ ಹಾಕಿ ಕಟ್ಟಿದ. ಸೀಟಿಗೆ ಹುಲ್ಲು ತುಂಬಿ ಗೋಣಿ ಹೊಲಿದ. ಚೌಡಪ್ಪ ಅದನ್ನು ಬೇಡವೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಒಂದು ಬೆಳಿಗ್ಗೆ ಹೋಗಿ ಕೂತು ಕೀಲಿ ತಿರುಗಿಸಿದ. ಕಾರು ಕೆಮ್ಮಿ, ಅಲುಗಿ, ಹೊಗೆ ಕಾರಿ, ಹೊರಟಿತು. ದುರ್ಗಮ್ಮ ಒಲೆಯ ಮುಂದಿನಿಂದ ಎದ್ದು ಬಂದು ನೋಡುವಷ್ಟರಲ್ಲಿ ಓಣಿಯ ತಿರುವು ದಾಟಿತ್ತು.

ಅಂದಿನಿಂದ ದಿನಾ ಬಸ್ ನಿಲ್ದಾಣದ ಹುಣಸೇಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಚೌಡಪ್ಪ ಕಾದ. ಅವನು ಲಾರಿಯಲ್ಲಿ ತಿರುಗುತ್ತಿದ್ದಾಗ ಊರು ಬೇರೆಯಾಗಿತ್ತು. ಸೊರಬಕ್ಕೊಂದು, ಆನವಟ್ಟಿಗೊಂದು, ಶಿರಾಳಕೊಪ್ಪಕ್ಕೊಂದು ಎಂದು ಹೊಸ ಬಸ್ಸುಗಳು ಬಂದು ಬಂದು ಹೋಗುತ್ತಿದ್ದವು. ಕಂಡಕ್ಟರುಗಳು ಬಾಗಿಲಿಗೆ ಜೋತುಬಿದ್ದು ಕೂಗುತ್ತಿದ್ದರು. ಹಳೆಯ ಪರಿಚಯದವರು ಹತ್ತಿರ ಬಂದು, "ರೆಡಿಯಾತೇನು ಕಾರು? ಬಾಳ ಸಂತೋಷ," ಎಂದು ಹೇಳಿ ಬಸ್ಸು ಹತ್ತುತ್ತಿದ್ದರು. ಒಬ್ಬನನ್ನು ಚೌಡಪ್ಪ ಕೇಳಿಯೂ ಬಿಟ್ಟ. "ಮದುವೆಗೂ ಈಗ ಬಸ್ಸೇ ಮಾಡ್ತಾರಣ್ಣ," ಎಂದ ಅವನು. "ಮನೆಮಂದಿಯೆಲ್ಲ ಒಟ್ಟಿಗೆ ಹೋಗಬೌದು."

ಸಂಜೆ ಮನೆಗೆ ಬಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಕೇಳದಿರುವುದೇ ಅವನನ್ನು ಹೆಚ್ಚು ಕೆರಳಿಸುತ್ತಿತ್ತು. ತಟ್ಟೆ ಜೋರಾಗಿ ಇಟ್ಟಳೆಂದು ಹುಲಿಯಮ್ಮನ ಮೇಲೆ ಹಾರಿದ. ಕೆಮ್ಮಿದಳೆಂದು ತಾಯಿಯ ಮೇಲೆ ರೇಗಿದ.

"ನಮ್ಮ ಮೇಲೆ ಯಾಕೋ?" ಎಂದಳು ತಿಮ್ಮಮ್ಮ. "ಬಸ್ಸು ಬಿಟ್ಟೋರು ನಾವಲ್ಲ."

ಭಾದ್ರಪದದ ಒಂದು ಸಂಜೆ ಅವನು ಒಲೆಯ ಹತ್ತಿರ ಬಂದು ಮಣೆ ಎಳೆದುಕೊಂಡು ಕೂತ. ದುರ್ಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಹುಚ್ಚರಾಯಪ್ಪ ಅಜ್ಜಿಯ ಪಕ್ಕದಲ್ಲಿದ್ದ. ಎದ್ದು ಹೋಗಬೇಕೋ ಬೇಡವೋ ತಿಳಿಯದೆ ಅಲ್ಲೇ ಕೂತ.

"ಅಕ್ಕಿ ಮಿಲ್ಲಿನ ಪರಮಶಿವಪ್ಪ ಸಿಕ್ಕಿದ್ದ," ಎಂದ ಚೌಡಪ್ಪ. "ಕಾರಿನ ಎಂಜಿನ್ ಮಿಲ್ಲಿಗೆ ಕೂರಿಸ್ತಾನಂತೆ. ಜೊತೆಗೆ ಅದನ್ನ ನೋಡಿಕೊಳ್ಳಾಕೆ ನನ್ನೂ ಬಾ ಅಂತಾನೆ."

ದುರ್ಗಮ್ಮ ರೊಟ್ಟಿ ಹಂಚಿಗೆ ಹಾಕಿದಳು.

"ಅರ್ಧ ನಿಂದು ಅಂದೆಯಲ್ಲ. ಅದಕ್ಕೇ ಕೇಳ್ತೀನಿ. ಏನಂತೀಯ?"

ಆಕೆಯ ಕೈ ಹಂಚಿನ ಮೇಲೇ ನಿಂತಿತು. ರೊಟ್ಟಿ ಸೀಯುವ ವಾಸನೆ ಬಂತು. ಹುಲಿಯಮ್ಮ ಬಗ್ಗಿ ತಿರುವಿ ಹಾಕಿದಳು.

"ಎಂಜಿನ್ ಕೊಡ್ರಿ," ಎಂದಳು ದುರ್ಗಮ್ಮ ಕೊನೆಗೆ. "ಮೈ ತಗಡು ಹುಡುಗಂಗೆ ಇರ್ಲಿ. ಇನ್ನೂ ಮೂರು ಊರಿನೋರು ಕೇಳ್ಯಾರೆ."

ಚೌಡಪ್ಪ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದ. "ಅವ್ವ, ನಿನ್ನ ಮೊಮ್ಮಗನಿಗೆ ಹೇಳು. ತಗಡು ತಗಳ್ಲಿ. ನಾನು ಮನೆಯಾಗಿದ್ದಾಗ ಮಾತ್ರ ಬಡೀಬಾರ್ದು."

"ಅಜ್ಜಿ, ಬಡಿಯಲ್ಲ ಅಂತ ಹೇಳು," ಎಂದ ಹುಚ್ಚರಾಯಪ್ಪ.

"ನಿಮ್ಮಿಬ್ರ ಕಿವಿ ಚಲೋ ಅದಾವೆ, ಕೆಟ್ಟಿರೋದು ನಂದು," ತಿಮ್ಮಮ್ಮ ರೇಗಿದಳು. "ನನ್ನ ಯಾಕೆ ನಡುವೆ ಹಾಕ್ತೀರೋ?"

ಯಾರೂ ನಗಲಿಲ್ಲ. ಆದರೆ ಆ ಸಂಜೆ ಅಪ್ಪ ಮಗ ಒಂದೇ ಸಾಲಿನಲ್ಲಿ ಉಂಡರು.

ಮಿಲ್ಲಿಗೆ ಕಾರು ಒಯ್ಯುವ ದಿನ ಚೌಡಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡ. ಹುಚ್ಚರಾಯಪ್ಪ ಜೊತೆಗೆ ಬರುತ್ತೇನೆಂದು ಅಜ್ಜಿಯ ಮೂಲಕ ಕೇಳಿಸಿದ. ಚೌಡಪ್ಪ ಬೇಡವೆಂದ. ಅವನು ಕೂತು ಕಾರು ಶುರು ಮಾಡುವಾಗ ದುರ್ಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಆ ಕಡೆಯ ಬಾಗಿಲು ತೆರೆಯಲು ಎಳೆದಾಡಿದಳು. ಬರಲಿಲ್ಲ.

"ಎತ್ತಿ ಎಳಿ," ಎಂದ ಚೌಡಪ್ಪ.

ಆಕೆ ಎತ್ತಿ ಎಳೆದು ಒಳಗೆ ಕೂತಳು. ಪೇಟೆಯಲ್ಲಿ ಜನ ನೋಡಿದರು. ದುರ್ಗಮ್ಮ ತಲೆ ತಗ್ಗಿಸಲಿಲ್ಲ. ಕೆರೆಯ ಏರಿ ದಾಟಿ ಕಾರು ಮಿಲ್ಲಿನ ಅಂಗಳಕ್ಕೆ ತಿರುಗಿತು. ಪರಮಶಿವಪ್ಪ ಆಳುಗಳೊಂದಿಗೆ ಕಾಯುತ್ತಿದ್ದ.

"ಆಯ್ತಲ್ರಿ ಚೌಡಪ್ಪ, ಇಲ್ಲೇ ನಿಲ್ಲಿಸ್ರಿ. ಆರಿಸಿಬಿಡ್ರಿ."

ಚೌಡಪ್ಪ ನಿಲ್ಲಿಸಿದ. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಅವನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಪರಮಶಿವಪ್ಪ ಮತ್ತೊಮ್ಮೆ ಕೂಗಿದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದುರ್ಗಮ್ಮ ಗಂಡನ ಕಡೆ ಬಾಗಿದಳು. "ಯಾವುದು ತಿರುಗಿಸಬೇಕು?"

ಅವನು ಕಣ್ಣಿನಲ್ಲೇ ತೋರಿಸಿದ. "ಎಡಕ್ಕೆ," ಎಂದ.

ಆಕೆ ಕೀಲಿಯನ್ನು ಎಡಕ್ಕೆ ತಿರುಗಿಸಿದಳು. ಎಂಜಿನ್ ಒಮ್ಮೆ ನಡುಗಿ ಸುಮ್ಮನಾಯಿತು. ದುರ್ಗಮ್ಮ ಕೀಲಿ ಹಿರಿದುಕೊಂಡು ಇಳಿದು, ಅದನ್ನು ಪರಮಶಿವಪ್ಪನ ಕೈಗೆ ಕೊಟ್ಟು, ಸುತ್ತಿ ಬಂದು, ಗಂಡ ಇಳಿಯಲೆಂದು ಬಾಗಿಲು ಹಿಡಿದು ನಿಂತಳು.